ಸೂತ್ರ ಬಂತು, ಅರ್ಥ ಆಯ್ತಾ? ಹೈಸ್ಕೂಲ್ ಮಕ್ಕಳ ಭೌತಶಾಸ್ತ್ರ ಪರೀಕ್ಷಿಸುವ ಬಗೆ

ಮಂಡ್ಯದ ಹತ್ತಿರದ ಹಳ್ಳಿ ಹೈಸ್ಕೂಲು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಿರುಪರೀಕ್ಷೆಯಲ್ಲಿ ನ್ಯೂಟನ್ನನ ಮೊದಲ ನಿಯಮವನ್ನು (ಹೊರಗಿನ ಬಲ ಬೀಳದಿದ್ದರೆ ನಿಂತದ್ದು ನಿಂತೇ ಇರುತ್ತೆ, ಹೋಗುತ್ತಿರುವುದು ಅದೇ ವೇಗದಲ್ಲಿ ನೇರ ಹೋಗುತ್ತಲೇ ಇರುತ್ತೆ) ಒಂದಕ್ಷರ ತಪ್ಪಿಲ್ಲದೆ ಬರೆದಿದ್ದಳು, ಎರಡಕ್ಕೆ ಎರಡು ಅಂಕ ಕೊಟ್ಟಿದ್ದೆ. ಅವತ್ತು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಹುಡುಗರು ಜಗಲಿಯಲ್ಲಿ ಗೋಲಿ ಆಡುತ್ತಿದ್ದರು. ಅವಳನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟೆ. 'ಬೆರಳು ಬಿಟ್ಟಾಯ್ತು, ಗೋಲಿ ಉರುಳ್ತಾ ಇದೆ. ಈಗ ಅದರ ಮೇಲೆ ಯಾವ್ಯಾವ ಬಲ ಇದೆ, ನೆಲದ ಮೇಲೇ ಬಾಣ ಹಾಕಿ ತೋರಿಸಮ್ಮ' ಅಂದೆ. ಕೆಳಕ್ಕೆ ಒಂದು ಬಾಣ ಹಾಕಿದಳು. ಆಮೇಲೆ ಗೋಲಿ ಹೋಗುವ ದಿಕ್ಕಿಗೆ ಗೇಣುದ್ದದ ಒಂದು ಬಾಣ ಎಳೆದಳು.

'ಇದು ಯಾರು ಕೊಡ್ತಿರೋ ಬಲ?'

'ನಾವು ತಳ್ಳಿದ್ವಲ್ಲ ಸಾರ್, ಅದು ಗೋಲಿ ಒಳಗೇ ಐತೆ. ಮುಗಿಯೋವರೆಗೂ ಓಡ್ತದೆ, ಮುಗಿದ್ ಮೇಲೆ ನಿಲ್ತದೆ.'

ಉತ್ತರ ತಪ್ಪು: ಬೆರಳು ಬಿಟ್ಟ ಮೇಲೆ ಗೋಲಿಯನ್ನು ಮುಂದಕ್ಕೆ ತಳ್ಳುವ ಬಲ ಯಾವುದೂ ಇಲ್ಲ, ಅದು ನಿಲ್ಲುವುದು ನೆಲದ ಘರ್ಷಣೆಯಿಂದ. ಆದರೆ ಅವಳು ಬುದ್ಧಿವಂತೆ. ಗೋಲಿ, ಬುಗುರಿ, ಸೈಕಲ್ಲು ಎಲ್ಲ ನೋಡಿ ತಾನಾಗಿಯೇ ಕಟ್ಟಿಕೊಂಡ ಲೆಕ್ಕಾಚಾರ ಅದು. ಗೆಲಿಲಿಯೋಗೆ ಮುಂಚೆ ಶತಮಾನಗಟ್ಟಲೆ ದೊಡ್ಡ ದೊಡ್ಡ ಪಂಡಿತರೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು. ನನಗೆ ಬೇಜಾರಾಗಿದ್ದು ನನ್ನ ಪ್ರಶ್ನೆಪತ್ರಿಕೆ ಬಗ್ಗೆ. ಅವಳ ತಲೆಯಲ್ಲಿ ನಿಜವಾಗಿ ಏನಿದೆ ಅನ್ನುವುದನ್ನು ಅದು ಮುಟ್ಟಲೇ ಇಲ್ಲ. ಬಾಯಿಪಾಠವನ್ನು ಅಳೆಯಿತು, ನಾನು ಅದನ್ನೇ ತಿಳಿವಳಿಕೆ ಅಂದುಕೊಂಡೆ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದ ಅರಿಜೋನಾದಲ್ಲಿ ಡೇವಿಡ್ ಹೆಸ್ಟೆನೆಸ್ ಮತ್ತು ಜೊತೆಗಾರರು 1992ರಲ್ಲಿ ಬಲದ ಕುರಿತು ಒಂದು ಬಹುಆಯ್ಕೆ ಪರೀಕ್ಷೆ ಪ್ರಕಟಿಸಿದರು. ಈಗ ಬಳಸುವ ರೂಪದಲ್ಲಿ ಅದರಲ್ಲಿ 30 ಪ್ರಶ್ನೆಗಳಿವೆ. ಲೆಕ್ಕ ಇಲ್ಲ, ಸೂತ್ರ ಇಲ್ಲ, ದಿನಾ ಕಾಣುವ ಸಂದರ್ಭಗಳು ಅಷ್ಟೇ. ಕಷ್ಟದ ಲೆಕ್ಕಗಳನ್ನು ಸಲೀಸಾಗಿ ಬಿಡಿಸುತ್ತಿದ್ದ ಕಾಲೇಜು ಹುಡುಗರೂ ಅದರಲ್ಲಿ ಎಡವಿದರು. ಇದೇ ತಂಡದ ಹಿಂದಿನ ಒಂದು ಪರೀಕ್ಷೆಯನ್ನು ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ತರಗತಿಯಲ್ಲಿ ಕೊಟ್ಟಾಗ, ವಿದ್ಯಾರ್ಥಿಯೊಬ್ಬರು ಎದ್ದು, ನೀವು ಹೇಳಿಕೊಟ್ಟ ಹಾಗೆ ಉತ್ತರಿಸಬೇಕೋ ಅಥವಾ ನಾನು ಯೋಚಿಸುವ ಹಾಗೆ ಉತ್ತರಿಸಬೇಕೋ ಅಂತ ಕೇಳಿದರಂತೆ. ನಮ್ಮ ಮಕ್ಕಳ ತಲೆಯಲ್ಲೂ ಹೀಗೆ ಎರಡು ಪುಸ್ತಕ ಇರುತ್ತವೆ. ಒಂದು ಸಾರ್‌ಗೆ ತೋರಿಸಲು, ಇನ್ನೊಂದು ತನಗೆ. ಆ ಎರಡನೆಯದನ್ನು ಓದುವ ಪರೀಕ್ಷೆ ಹೇಗೆ ಮಾಡಬೇಕು ಅಂತ, ನಾನು ತರಗತಿಯಲ್ಲಿ ಮಾಡುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು: ಒಂದೇ ಒಂದು ವಿಚಾರ ಹಿಡಿಯಿರಿ

ಪಾಠ ಪೂರ್ತಿ ಪರೀಕ್ಷಿಸಲು ಹೋಗಬೇಡಿ. 'ಬಲ ಮತ್ತು ಚಲನೆಯ ನಿಯಮಗಳು' ಅನ್ನುವುದು ತುಂಬಾ ದೊಡ್ಡದು. ಅದರಲ್ಲಿ ಒಂದನ್ನು ಎತ್ತಿಕೊಂಡು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. 'ಒಂದೇ ವೇಗದಲ್ಲಿ ನೇರ ಹೋಗುವ ವಸ್ತುವಿನ ಮೇಲಿನ ಒಟ್ಟು ಬಲ ಸೊನ್ನೆ.' ಇಷ್ಟು ಸಾಕು. ನಿಮಗೇ ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಪ್ರಶ್ನೆ ತಯಾರಿಸಲು ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ.

ಆಮೇಲೆ: ತಪ್ಪು ಉತ್ತರಗಳನ್ನು ಮಕ್ಕಳಿಂದಲೇ ತನ್ನಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ನಾವು ಮೇಜಿನ ಮುಂದೆ ಕೂತು ಆಯ್ಕೆ ಬರೆದರೆ ಒಂದು ಸರಿ ಉತ್ತರ, ಅದರ ಜೊತೆ ಯಾರೂ ನಂಬದ ಮೂರು ಸುಮ್ನೆ ಉತ್ತರ ಬರುತ್ತವೆ. ಅಂಥ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಪಾಠ ಶುರು ಮಾಡುವ ಮುಂಚೆಯೇ ನಾಲ್ಕೈದು ಮಕ್ಕಳನ್ನು ಮರದ ಕೆಳಗೆ ಕೂರಿಸಿಕೊಂಡು ಮಾತಾಡಿ. ಚೆನ್ನಾಗಿ ಓದುವವರು, ಮಾತೇ ಆಡದವರು, ಕೊನೆ ಬೆಂಚಿನವರು, ಎಲ್ಲರೂ ಇರಲಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಗ್ರಂಥಸ್ಥ ಭಾಷೆಗೆ ತಿದ್ದಬೇಡಿ. ತಪ್ಪು ಹೇಳಿದಾಗ ತಿದ್ದಲೂಬೇಡಿ. ತಿದ್ದಬೇಕು ಅಂತ ನಾಲಿಗೆ ತುರಿಸುತ್ತೆ, ನನಗೂ ಹಾಗೇ. ಆದರೆ ಒಂದು ಸಲ ತಿದ್ದಿದರೆ ಮುಗೀತು, ಅಲ್ಲಿಂದ ಮುಂದೆ ಅವರು ನಿಮ್ಮ ಮುಖ ನೋಡಿಕೊಂಡು ಉತ್ತರ ಹೇಳುತ್ತಾರೆ. 'ಹೌದಾ, ಆಮೇಲೆ?' ಅನ್ನುವುದೊಂದೇ ಮಾತು ಸಾಕು.

ಹೀಗೆ ಕೇಳಿದಾಗ ಸಿಕ್ಕಿದ್ದರಿಂದ ನಾನು ಮಾಡಿದ ಒಂದು ಪ್ರಶ್ನೆ ನೋಡಿ:

ಕಬ್ಬು ತುಂಬಿದ ಎತ್ತಿನ ಗಾಡಿ ಮಟ್ಟಸವಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ನೇರ ಹೋಗುತ್ತಿದೆ. ಎತ್ತುಗಳು ಮುಂದಕ್ಕೆ ಎಳೆಯುವ ಬಲ ಮತ್ತು ಗಾಡಿಯನ್ನು ಹಿಂದಕ್ಕೆ ತಡೆಯುವ ಒಟ್ಟು ಬಲ, ಇವುಗಳಲ್ಲಿ
ಅ) ಎಳೆಯುವ ಬಲ ಜಾಸ್ತಿ
ಆ) ಎರಡೂ ಸಮ
ಇ) ತಡೆಯುವ ಬಲ ಜಾಸ್ತಿ
ಈ) ಗಾಡಿ ಓಡುತ್ತಿರುವಾಗ ತಡೆಯುವ ಬಲವೇ ಇರುವುದಿಲ್ಲ
ಯಾಕೆ? ಒಂದು ಸಾಲಿನಲ್ಲಿ ಬರೆಯಿರಿ.

ಸರಿ ಉತ್ತರ 'ಆ'. ಮಕ್ಕಳಲ್ಲಿ ಜಾಸ್ತಿ ಜನ 'ಅ' ಬರೆಯುತ್ತಾರೆ, ಕಾರಣವನ್ನೂ ಗಟ್ಟಿಯಾಗಿಯೇ ಕೊಡುತ್ತಾರೆ: 'ಸಮ ಆಗ್ಬುಟ್ರೆ ಗಾಡಿ ನಿಂತೋಯ್ತದಲ್ಲ ಸಾರ್.' ಸಮ ಅಂದರೆ ನಿಲ್ಲುವುದು. ಹಗ್ಗ ಜಗ್ಗಾಟದಲ್ಲಿ ಅವರು ಕಂಡಿರುವುದು ಅದನ್ನೇ. ನಿಂತ ಗಾಡಿ ಹೊರಡುವಾಗ ಎಳೆಯುವ ಬಲ ಜಾಸ್ತಿ ಬೇಕು, ಅದನ್ನೂ ಅವರು ಕಣ್ಣಾರೆ ನೋಡಿದ್ದಾರೆ. ಒಮ್ಮೆ ವೇಗ ಹಿಡಿದ ಮೇಲೆ, ಆ ವೇಗ ಬದಲಾಗದೆ ಉಳಿಯಲು ಎರಡೂ ಸಮ ಇದ್ದರೆ ಸಾಕು ಅನ್ನುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಒಂದು ತಪ್ಪು ಉತ್ತರದಿಂದ ಇಷ್ಟೆಲ್ಲ ತಿಳಿಯುತ್ತದೆ.

ಆ 'ಯಾಕೆ' ಸಾಲನ್ನು ಮಾತ್ರ ಬಿಡಬೇಡಿ. 'ಆ' ಅಂತ ಗುರುತು ಹಾಕಿ, ಕೆಳಗೆ 'ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇದೆ' ಅಂತ ಬರೆದ ಮಕ್ಕಳನ್ನು ನೋಡಿದ್ದೇನೆ. ಉತ್ತರ ಸರಿ, ಕಾರಣ ತಪ್ಪು. ಅದು ನ್ಯೂಟನ್ನನ ಮೂರನೇ ನಿಯಮ, ಅದರ ಜೋಡಿ ಬಲಗಳು ಎರಡು ಬೇರೆ ವಸ್ತುಗಳ ಮೇಲೆ ಇರುತ್ತವೆ. ಇಲ್ಲಿ ಎರಡೂ ಇರುವುದು ಗಾಡಿ ಮೇಲೇ. ಬರೀ ಗುರುತು ನೋಡಿ ಅಂಕ ಕೊಟ್ಟಿದ್ದರೆ ಈ ಮಗುವಿಗೆ ಅರ್ಥ ಆಗಿದೆ ಅಂತಲೇ ನಂಬಿಕೊಂಡು ಮುಂದಕ್ಕೆ ಹೋಗುತ್ತಿದ್ದೆ.

ಪ್ರಶ್ನೆಯ ಭಾಷೆ ಒಂದು ಸಲ ನೋಡಿ

ಕನ್ನಡ ಮಾಧ್ಯಮದಲ್ಲಿ ಕಲಿಸುವವರು ಇದಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ಮಾತಿನಲ್ಲಿ ಬಲ, ಶಕ್ತಿ, ತಾಕತ್ತು ಎಲ್ಲ ಒಂದೇ. ಸಂತೆಯಲ್ಲಿ ತೂಕ ಅಂದರೆ ಕೆಜಿ, ಪುಸ್ತಕದಲ್ಲಿ ತೂಕ ಅಂದರೆ ನ್ಯೂಟನ್. ಮೂಟೆ ಹೊತ್ತು ಅರ್ಧ ಗಂಟೆ ನಿಂತವನು ಮೂಟೆಯ ಮೇಲೆ ಏನೂ 'ಕೆಲಸ' ಮಾಡಿಲ್ಲ ಅಂತ ಪುಸ್ತಕ ಹೇಳುತ್ತದೆ. ಹಮಾಲಿ ಮಾಡುವ ಅಪ್ಪನ ಮಗ ಇದನ್ನು ಕೇಳಿ ಸುಮ್ಮನೆ ಒಪ್ಪಿಕೊಂಡರೆ ಅವನಿಗೆ ಅರ್ಥ ಆಗಿದೆ ಅಂತ ನಾನು ನಂಬುವುದಿಲ್ಲ. ಅವನು ಜಗಳ ಆಡಬೇಕು. ಬೆವರು ಬರುತ್ತಲ್ಲ, ಸುಸ್ತಾಗುತ್ತಲ್ಲ ಅಂತ ಕೇಳಬೇಕು. ಆಗ ಮೂಟೆಗೆ ದಾಟಿದ ಶಕ್ತಿ ಬೇರೆ, ಮೈಯೊಳಗೆ ಸ್ನಾಯುಗಳಲ್ಲಿ ಖರ್ಚಾಗುವ ಶಕ್ತಿ ಬೇರೆ ಅಂತ ಮಾತು ಶುರುವಾಗುತ್ತದೆ.

'ಕರೆಂಟ್' ಪದವಂತೂ ಇನ್ನೂ ಕಷ್ಟ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತೆ, ಕರೆಂಟು ಕಮ್ಮಿ ಇದೆ ಮೋಟಾರ್ ಎತ್ತುತ್ತಿಲ್ಲ, ಕರೆಂಟು ಹೊಡೀತು, ಕರೆಂಟ್ ಬಿಲ್ಲು ಬಂತು. ಈ ಒಂದೇ ಪದ ವಿದ್ಯುತ್ ಪ್ರವಾಹ, ವಿಭವಾಂತರ (ವೋಲ್ಟೇಜು), ಶಕ್ತಿ ಮೂರನ್ನೂ ಹೇಳಿಬಿಡುತ್ತದೆ. ಹಾಗಾಗಿ ಮಗು 'ಬಲ್ಬು ಕರೆಂಟನ್ನು ಖರ್ಚು ಮಾಡುತ್ತೆ' ಅಂದರೆ ಅದು ಪದದ ಗೊಂದಲವೋ, ವಿಚಾರದ ಗೊಂದಲವೋ ಅಂತ ಇನ್ನೊಂದು ಪ್ರಶ್ನೆ ಕೇಳಿಯೇ ತಿಳಿಯಬೇಕು. ನಾನು ಕೇಳುವುದು ಇದು: ಒಂದೇ ತರಹದ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು, ಜೋಡಿಸಿದೆ, ಯಾವುದು ಜಾಸ್ತಿ ಉರಿಯುತ್ತೆ? 'ಬ್ಯಾಟರಿಯ ಪ್ಲಸ್ ಕಡೆ ಹತ್ತಿರ ಇರೋದು, ಎರಡನೇದಕ್ಕೆ ಮಿಕ್ಕಿದ್ದು' ಅಂದರೆ ಗೊಂದಲ ವಿಚಾರದ್ದೇ. ಎರಡೂ ಸಮ ಉರಿಯುತ್ತವೆ, ಜೋಡಿಸಿ ತೋರಿಸಿ.

ಇಲ್ಲಿ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮಕ್ಕಳನ್ನು ಕೇಳಿ, ವಿದ್ಯುತ್ ತಯಾರಿಸಿದ ಮೇಲೆ ಕಾವೇರಿ ನೀರು ಕಮ್ಮಿ ಆಯ್ತಾ? ಇಲ್ಲ, ಅದೇ ನೀರು ಕೆಳಗೆ ಹೊಳೆ ಸೇರಿ ಮುಂದಕ್ಕೆ ಹೋಯಿತು. ಎತ್ತರದಲ್ಲಿದ್ದಾಗ ಇದ್ದ ಶಕ್ತಿ ಮಾತ್ರ ಯಂತ್ರಕ್ಕೆ ಹೋಯಿತು. ಬಲ್ಬಿನಲ್ಲೂ ಹಾಗೇ. ಹರಿಯುವ ವಿದ್ಯುದಾವೇಶ ಒಂದಿಷ್ಟೂ ಕಮ್ಮಿಯಾಗದೆ ಆ ಕಡೆ ಹೊರಗೆ ಬರುತ್ತದೆ, ಶಕ್ತಿ ಮಾತ್ರ ಬೆಳಕು ಮತ್ತು ಶಾಖ ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಡಿ. ಪರೀಕ್ಷೆ ಆದ ಮೇಲೆ ಹೇಳಿ.

ಪರೀಕ್ಷೆ ನಡೆಸುವ ದಿನ

ಐದು ಪ್ರಶ್ನೆ, ಹದಿನೈದು ನಿಮಿಷ. ಅಂಕ ಇಲ್ಲ ಅಂತ ಮೊದಲೇ ಹೇಳಿ, ಹೇಳಿದ ಹಾಗೇ ನಡೆದುಕೊಳ್ಳಿ. ಒಂದು ಸಲ ಆ ಚೀಟಿಗಳನ್ನು ಪೋಷಕರ ಸಭೆಯಲ್ಲಿ ತೋರಿಸಿದರೂ ಮುಂದೆ ಯಾವ ಮಗುವೂ ಮನಸ್ಸಿನಲ್ಲಿ ಇದ್ದದ್ದನ್ನು ಬರೆಯುವುದಿಲ್ಲ.

ಚೀಟಿ ಹಂಚಲು ಪುರುಸೊತ್ತಿಲ್ಲದಿದ್ದರೆ ಬೆರಳಿನಲ್ಲೇ ಮಾಡಬಹುದು. ಪ್ರಶ್ನೆ ಬೋರ್ಡಿನ ಮೇಲೆ, ಒಂದು ನಿಮಿಷ ಮೌನ, ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಒಂದೇ ಸಲ ಎದೆಯ ಹತ್ತಿರ ಒಂದು, ಎರಡು, ಮೂರು ಅಥವಾ ನಾಲ್ಕು ಬೆರಳು ತೋರಿಸಬೇಕು. ಕಣ್ಣು ಮುಚ್ಚದಿದ್ದರೆ ಎಲ್ಲರೂ ತರಗತಿಯ ಫಸ್ಟ್ ಬರುವವನ ಬೆರಳನ್ನೇ ನೋಡುತ್ತಾರೆ. ಮಜೂರ್ ಅವರ ಲೆಕ್ಕ ನನಗೆ ಅನುಕೂಲವಾಗಿದೆ: ಸರಿ ಉತ್ತರ ಶೇ 30ಕ್ಕಿಂತ ಕಮ್ಮಿ ಇದ್ದರೆ ಮತ್ತೆ ಪಾಠ ಮಾಡಿ, 30ರಿಂದ 70ರ ನಡುವೆ ಇದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು ಮತ್ತೆ ಬೆರಳು ಎತ್ತಿಸಿ, ಅದಕ್ಕಿಂತ ಜಾಸ್ತಿ ಇದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ನಲವತ್ತು ಮಕ್ಕಳ ತರಗತಿಯಲ್ಲಿ ಹನ್ನೆರಡರಿಂದ ಇಪ್ಪತ್ತೆಂಟು ಕೈ ಅಂತ ನೆನಪಿಟ್ಟುಕೊಂಡರೆ ಸಾಕು. ಆ ಮಧ್ಯದ ಗುಂಪು ಸಿಕ್ಕಿದ ದಿನ ತರಗತಿ ಸಂತೆ ಆಗುತ್ತದೆ, ಆಗಲಿ ಬಿಡಿ. ಒಬ್ಬ ಹುಡುಗ ಪಕ್ಕದವನಿಗೆ ಅವನದೇ ಮಾತಿನಲ್ಲಿ ಹೇಳುವುದು ನಾನು ಹೇಳುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಕೈಗೆ ಸಾಮಾನು ಕೊಟ್ಟು ನೋಡಿ

ಕಾಗದದ ಮೇಲೆ ಸಿಗದ್ದು ಕೈಯಲ್ಲಿ ಸಿಗುತ್ತದೆ. ಒಂದು ಟಾರ್ಚ್ ಬಲ್ಬು, ಒಂದು 1.5 ವೋಲ್ಟ್ ಸೆಲ್ಲು, ಗೇಣುದ್ದದ ಒಂದೇ ವೈರು. ಹೋಲ್ಡರ್ ಕೊಡಬೇಡಿ. ಉರಿಸು ಅಷ್ಟೇ. ಬಲ್ಬು ಒಳಗೆ ತಂತಿ ಇರುವ ಹಳೆಯ ತರಹದ್ದಾಗಿರಲಿ, ಎಲ್‌ಇಡಿ ಆದರೆ ಒಂದು ಸೆಲ್ಲಿಗೆ ಉರಿಯುವುದಿಲ್ಲ.

ಹತ್ತನೇ ತರಗತಿಯ ಒಬ್ಬ ಹುಡುಗ, ಓಮನ ನಿಯಮದ ಲೆಕ್ಕ ನಿದ್ದೆಗಣ್ಣಲ್ಲೂ ಮಾಡುವವನು, ಇದನ್ನು ಹಿಡಿದುಕೊಂಡು ಆರೇಳು ನಿಮಿಷ ಕೂತಿದ್ದ. ಸೆಲ್ಲಿನ ಮೇಲಿನ ಉಬ್ಬಿಗೆ ವೈರಿನ ಒಂದು ತುದಿ, ಇನ್ನೊಂದು ತುದಿ ಬಲ್ಬಿನ ಬುಡಕ್ಕೆ. ಉರಿಯಲಿಲ್ಲ. ವೈರು ತಿರುವಿದ, ಸೆಲ್ಲು ತಿರುವಿದ. 'ಸೆಲ್ಲು ಸತ್ತೋಗೈತೆ ಸಾರ್' ಅಂದ. ಬೇರೆ ಸೆಲ್ಲು ಕೊಟ್ಟೆ. ಅಷ್ಟರಲ್ಲಿ ಪಕ್ಕದ ಹುಡುಗಿ ಬಲ್ಬಿನ ಬುಡದ ಸೀಸದ ಉಬ್ಬನ್ನು ಸೆಲ್ಲಿನ ಮೇಲೆ ನೇರ ನಿಲ್ಲಿಸಿ, ಸೆಲ್ಲಿನ ತಳದಿಂದ ವೈರು ತಂದು ಬಲ್ಬಿನ ಪಕ್ಕದ ಲೋಹದ ಸುತ್ತಿಗೆ ಮುಟ್ಟಿಸಿದಳು. ಮಂದವಾಗಿ ಉರಿಯಿತು. ಅವನು ತನ್ನ ಬಲ್ಬನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬಲ್ಬಿಗೆ ಎರಡು ತುದಿ ಇದೆ ಅನ್ನುವುದು ಅವನಿಗೆ ಗೊತ್ತಾಗಿದ್ದು ಆಗಲೇ. ವಿದ್ಯುತ್ ಹರಿಯುವ ಮಂಡಲ ಪೂರ್ತಿಯಾಗಬೇಕು ಅಂತ ಅವನು ಎಷ್ಟು ಸಲ ಬರೆದಿದ್ದನೋ, ಬಲ್ಬಿನ ಒಳಗೂ ಆ ಮಂಡಲ ಹಾದುಹೋಗುತ್ತೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಒಂದು ಎಚ್ಚರಿಕೆ: ಸೆಲ್ಲಿನ ಎರಡು ತುದಿಗೆ ನೇರ ವೈರು ಹಿಡಿದರೆ ಬಿಸಿಯಾಗಿ ಬೆರಳು ಸುಡುತ್ತೆ, ಮೊದಲೇ ಹೇಳಿ.

ಇನ್ನೊಂದು ಪೀನ ಮಸೂರದ್ದು, ಅಂದರೆ ನಡುವೆ ಉಬ್ಬಿದ ಗಾಜಿನದು. ಕಿಟಕಿಯ ಪ್ರತಿಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ. ಈಗ ಮಸೂರದ ಮೇಲಿನ ಅರ್ಧವನ್ನು ರಟ್ಟಿನಿಂದ ಮುಚ್ಚಿದರೆ ಏನಾಗುತ್ತೆ ಅಂತ ಮುಚ್ಚುವ ಮುಂಚೆಯೇ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆದ ಮೇಲೆ ಮುಚ್ಚಿ. ಅರ್ಧ ಕಿಟಕಿ ಮಾಯವಾಗುತ್ತೆ ಅಂತ ಬರೆದವರು, ಕಿಟಕಿ ಪೂರ್ತಿ ಉಳಿದು ಬರೀ ಮಂಕಾದದ್ದನ್ನು ನೋಡಿ ಎದ್ದು ನಿಲ್ಲುತ್ತಾರೆ. ಮೊದಲು ಊಹೆ, ಆಮೇಲೆ ನೋಡುವುದು, ಆಮೇಲೆ ವಿವರಣೆ. ಈ ಕ್ರಮ ತಪ್ಪಬಾರದು. ಊಹೆ ಬರೆಯದೆ ತೋರಿಸಿದರೆ 'ನನಗೆ ಮೊದಲೇ ಗೊತ್ತಿತ್ತು' ಅಂತ ಎಲ್ಲರೂ ಅನ್ನುತ್ತಾರೆ.

ಶಾಖದ ಪಾಠಕ್ಕೆ ನಾನು ಮಾಡಿಸುವುದು ನೀರು ಕುದಿಸುವುದು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಅಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಮಂಡ್ಯ ಸ್ವಲ್ಪ ತಗ್ಗು, ಇಲ್ಲೂ 100 ಮುಟ್ಟುವುದಿಲ್ಲ. ಮಕ್ಕಳು ಥರ್ಮಾಮೀಟರ್ ನೋಡಿ 'ತೊಂಬತ್ತೇಳೂವರೆ' ಅಂತ ಗಟ್ಟಿಯಾಗಿ ಹೇಳುತ್ತಾರೆ, ಪುಸ್ತಕಕ್ಕೆ ಬರೆಯುವಾಗ ಮಾತ್ರ 100 ಅಂತ ಬರೆಯುತ್ತಾರೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿದ್ದದ್ದನ್ನು ಬರೆದವರು ಯಾರು ಅಂತ ಗಮನಿಸಿ, ಬೈಯಬೇಡಿ. ನಾವೇ ಹಾಗೆ ಅಭ್ಯಾಸ ಮಾಡಿಸಿದ್ದೇವೆ. ಥರ್ಮಾಮೀಟರ್ ಅರ್ಧ ಒಂದು ಡಿಗ್ರಿ ಆಚೀಚೆ ತೋರಿಸಬಹುದು, ಅದನ್ನೂ ಮಾತಾಡಿ. ಉರಿ ಜೋರು ಮಾಡಿದರೂ ಪಾದರಸ ಮೇಲೇರಲ್ಲ ಯಾಕೆ ಅನ್ನುವುದು ಅಲ್ಲಿಂದ ತಾನಾಗಿ ಬರುವ ಮುಂದಿನ ಪ್ರಶ್ನೆ.

ಉತ್ತರಗಳನ್ನು ಓದುವುದು

ಎಷ್ಟು ಜನ ಸರಿ ಅಂತ ಎಣಿಸಿ ನಿಲ್ಲಿಸಬೇಡಿ. ಪ್ರತಿ ಪ್ರಶ್ನೆಗೂ ಅ ಎಷ್ಟು, ಆ ಎಷ್ಟು, ಇ ಎಷ್ಟು ಅಂತ ಗೀಟು ಹಾಕಿ. ಇಪ್ಪತ್ತೈದು ಜನ ಒಂದೇ ತಪ್ಪು ಆಯ್ಕೆ ಹಿಡಿದಿದ್ದರೆ ಅದು ನಾಳೆಯ ಪಾಠ. ತಪ್ಪುಗಳು ನಾಲ್ಕೂ ಕಡೆ ಚೆಲ್ಲಾಪಿಲ್ಲಿ ಆಗಿದ್ದರೆ ಮಕ್ಕಳು ಊಹಿಸಿದ್ದಾರೆ, ಅಥವಾ ನಿಮ್ಮ ಪ್ರಶ್ನೆಯೇ ಅರ್ಥ ಆಗಿಲ್ಲ. ಎರಡನೆಯದು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಸಲ ಆಗುತ್ತದೆ. ಒಂದು ಮಗುವನ್ನು ಕರೆದು ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ಅದರ ಮಾತಿನಲ್ಲಿ ಹೇಳಿಸಿ, ಗೊತ್ತಾಗಿಬಿಡುತ್ತೆ.

ಆಮೇಲೆ ಮೂರು ಮಕ್ಕಳ ಜೊತೆ ಐದೈದು ನಿಮಿಷ ಮಾತಾಡಿ. ಸರಿ ಬರೆದವರೂ ಅದರಲ್ಲಿ ಒಬ್ಬರಿರಲಿ. ತಪ್ಪು ಬರೆದವರನ್ನು ಮಾತ್ರ ಕರೆದರೆ, ಸಾರ್ ಕರೆದರು ಅಂದರೆ ತಪ್ಪಾಗಿದೆ ಅಂತ ಇಡೀ ತರಗತಿಗೆ ತಿಳಿದುಹೋಗುತ್ತದೆ.

ಮೂರು ವಾರ ಬಿಟ್ಟು ಮತ್ತೆ ಕೇಳಿ

ಮಾರನೇ ದಿನವೇ ಕೇಳಿದರೆ ನೆನಪು ಉತ್ತರ ಕೊಡುತ್ತದೆ. ಮೂರು ವಾರ ಕಳೆಯಲಿ. ಅದೇ ವಿಚಾರ, ಬೇರೆ ವೇಷ. ಎತ್ತಿನ ಗಾಡಿ ಬದಲು ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಾಟುವ ಹರಿಗೋಲು, ಇಲ್ಲವೇ ಬೆಂಗಳೂರು-ಮೈಸೂರು ದಶಪಥದಲ್ಲಿ ಒಂದೇ ವೇಗದಲ್ಲಿ ಹೋಗುವ ಬಸ್ಸು. ಒತ್ತಡದ ಪಾಠ ಆಗಿದ್ದರೆ ಕನ್ನಂಬಾಡಿ ಕಟ್ಟೆಯನ್ನೇ ತನ್ನಿ. ನಮ್ಮ ಮಕ್ಕಳಿಗೆ 124.80 ಅಡಿ ಅಂದರೆ ಕೆಆರ್‌ಎಸ್ ತುಂಬಿತು ಅಂತ ಗೊತ್ತು. ಕಟ್ಟೆಯ ಹಿಂದೆ ಮೈಲಿಗಟ್ಟಲೆ ನೀರಿದೆ, ಊರ ಕೆರೆಯಲ್ಲಿ ಸ್ವಲ್ಪವೇ ಇದೆ, ಎರಡರಲ್ಲೂ ಮೇಲಿನಿಂದ ಹತ್ತು ಅಡಿ ಆಳದಲ್ಲಿ ಒತ್ತಡ ಎಲ್ಲಿ ಜಾಸ್ತಿ? ಎರಡೂ ಕಡೆ ಒಂದೇ, ಯಾಕೆಂದರೆ ಲೆಕ್ಕಕ್ಕೆ ಬರುವುದು ಆಳ. ಪಾಠದಲ್ಲಿ ಬಕೆಟ್ಟಿಗೆ ತೂತು ಮಾಡಿ ತೋರಿಸಿದ್ದು ಅರ್ಥ ಆಗಿದ್ದವರಿಗೆ ಕೆರೆಗೂ ಕಟ್ಟೆಗೂ ಅದನ್ನು ಒಯ್ಯಲು ಬರುತ್ತದೆ. ಬಕೆಟ್ಟಿನಲ್ಲೇ ಉಳಿದವರಿಗೆ ಇನ್ನೊಂದು ಸಲ ಹೇಳಬೇಕು, ಬೇರೆ ದಾರಿಯಲ್ಲಿ.

ಆ ಗೋಲಿ ಹುಡುಗಿಗೆ ಮೂರು ವಾರ ಆದ ಮೇಲೆ ಕೇರಂ ಬೋರ್ಡಿನ ಪ್ರಶ್ನೆ ಕೊಟ್ಟೆ. ಪೌಡರ್ ಹಾಕಿದ ಬೋರ್ಡು, ಹಾಕದ ಬೋರ್ಡು, ಒಂದೇ ಹೊಡೆತ, ಸ್ಟ್ರೈಕರ್ ಎಲ್ಲಿ ದೂರ ಹೋಗುತ್ತೆ, ಯಾಕೆ? ಈ ಸಲ ಹಿಂದಕ್ಕೆ ಘರ್ಷಣೆಯ ಬಾಣ ಹಾಕಿದ್ದಳು. ಪೌಡರ್ ಇಲ್ಲದ ಬೋರ್ಡಿನಲ್ಲಿ ಅದು ಉದ್ದ, ಪೌಡರ್ ಇರುವುದರಲ್ಲಿ ಗಿಡ್ಡ. ಮುಂದಕ್ಕೂ ಒಂದು ಬಾಣ ಎಳೆದು, ಅಳಿಸಿ, ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಆ ಹಾಳೆಯನ್ನು ತೆಗೆದಿಟ್ಟುಕೊಂಡಿದ್ದೇನೆ. ಸೋಮವಾರ ಅವಳನ್ನು ಆ ಚಿಹ್ನೆ ಬಗ್ಗೆಯೇ ಕೇಳಬೇಕು.